ಟಿಕೆಟ್ ತಗೊಂಡು ಜೋಳದ ಹೊಲಕ್ಕೆ

ನಮ್ಮಪ್ಪ ಜಗಳೂರು ಕಡೆಯ ಮೆಕ್ಕೆಜೋಳದ ರೈತ. ಅಂಥವರನ್ನು ಅಮೆರಿಕಕ್ಕೆ ಕರೆಸಿಕೊಂಡು, ದುಡ್ಡು ಕೊಟ್ಟು ಮತ್ತೆ ಜೋಳದ ಹೊಲವನ್ನೇ ತೋರಿಸೋದು ಅಂದರೆ ಯಾರಿಗಾದರೂ ಸ್ವಲ್ಪ ಮುಜುಗರವೇ. ಆದರೆ ಅಕ್ಟೋಬರ್ ಬಂತು ಅಂದರೆ ಇಲಿನಾಯ್‌ನಲ್ಲಿ ಮಕ್ಕಳಿರುವ ಮನೆಯವರು ಇದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಕ್ಲಾಸಿನ ಅರ್ಧ ಮಕ್ಕಳು ಆಗಲೇ ಹೋಗಿ ಬಂದಿರುತ್ತಾರೆ. ಕುಂಬಳಕಾಯಿ ಹೊಲ, ಕಾರ್ನ್ ಮೇಜ್ ಅನ್ನೋ ಜೋಳದ ಹೊಲದ ಚಕ್ರವ್ಯೂಹ, ಟ್ರ್ಯಾಕ್ಟರ್ ಸವಾರಿ, ಬಿಸಿ ಡೋನಟ್. ನಮ್ಮ ಮನೆಯ ಎರಡಂತೂ ಸೆಪ್ಟೆಂಬರ್‌ನಿಂದಲೇ ಜೀವ ತಿನ್ನುತ್ತಿದ್ದವು. 2024ರಲ್ಲಿ ಅಪ್ಪ ಅಮ್ಮ ಇಲ್ಲೇ ಇದ್ದರು. ಸೀಗೆ ಹುಣ್ಣಿಮೆ ಆಗಿ ಎರಡು ದಿನಕ್ಕೆ ಶನಿವಾರ ಬಂತು. ಎಲ್ಲರೂ ಹೊರಟೆವು.

ನಾವಿರೋದು ಶಿಕಾಗೋ ಪಕ್ಕದ ಅರೋರಾದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಐ-88 ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಮನೆಗಳು ಮುಗಿದು ಹೊಲ ಶುರುವಾಗುತ್ತದೆ. ಒಂದು ಕಡೆ ಒಣಗಿ ನಿಂತ ಜೋಳ, ಇನ್ನೊಂದು ಕಡೆ ಕಟಾವಾದ ಸೋಯಾ. ಕಂಬೈನ್ ಯಂತ್ರಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಮಾತಿಲ್ಲದೆ ನೋಡುತ್ತಿದ್ದರು. ಊರಲ್ಲಿ ನಮ್ಮ ಜೋಳವೂ ಅದೇ ವಾರ ಮುರಿಯೋಕೆ ಬಂದಿತ್ತು. ಅಣ್ಣನಿಗೆ ಆಳು ಸಿಗುತ್ತಿಲ್ಲ ಅನ್ನೋ ಚಿಂತೆ ಅವರಿಗೆ.

ಅಷ್ಟರಲ್ಲಿ 'ಡೆಕಾಲ್ಬ್' ಅಂತ ಬೋರ್ಡ್ ಬಂತು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿ, ಹಿಂದೆ ತಿರುಗಿದರು. "ಏನವ್ವ, ನಮ್ಮ ಬೀಜದ ಚೀಲದ ಮ್ಯಾಲಿರೋ ಹೆಸರಲ್ವ ಇದು?"

ಅದೇ ಹೆಸರು. ರೆಕ್ಕೆ ಇರುವ ಜೋಳದ ತೆನೆಯ ಗುರುತಿನ ಹೈಬ್ರಿಡ್ ಬೀಜ ಹುಟ್ಟಿದ್ದು ಈ ಊರಲ್ಲೇ. 1930ರ ದಶಕದಲ್ಲಿ ಇಲ್ಲಿನ ಕೃಷಿಕರ ಸಂಘವೊಂದು ಹೈಬ್ರಿಡ್ ಜೋಳದ ಬೀಜ ಮಾರೋಕೆ ಶುರು ಮಾಡಿತು. ಈಗ ಅದು ಬೇಯರ್ ಕಂಪನಿಯದು, ಹೆಸರು ಮಾತ್ರ ಊರಿನದೇ ಉಳಿದಿದೆ. ಇನ್ನೊಂದು ವಿಷಯವನ್ನೂ ನಮ್ಮವರು ಸ್ಟೇರಿಂಗ್ ಹಿಡಿದೇ ಹೇಳಿದರು. ನಮ್ಮ ಹೊಲಕ್ಕೆ ಹಂದಿ ಬಾರದ ಹಾಗೆ ಹಾಕಿದ ಮುಳ್ಳುತಂತಿ ಇದೆಯಲ್ಲ, ಅದಕ್ಕೆ 1874ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಗ್ಲಿಡನ್ ಕೂಡ ಡೆಕಾಲ್ಬ್‌ನ ರೈತ.

"ಬೀಜಾನೂ ಇವರದೇ, ಬೇಲೀನೂ ಇವರದೇ. ಹಂಗಾದ್ರೆ ಬೀಗರ ಊರಿಗೆ ಬಂದಂಗಾತು ಬಿಡು" ಅಂದರು ಅಪ್ಪ. ಆಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

ಫಾರ್ಮ್ ಬಾಗಿಲಲ್ಲಿ ಟಿಕೆಟ್ ಒಬ್ಬರಿಗೆ 22 ಡಾಲರ್. ಆಗ ಡಾಲರಿಗೆ 84 ರೂಪಾಯಿ. ಅಪ್ಪನ ಮುಂದೆ ಬೆಲೆ ಹೇಳಬಾರದು ಅಂತ ಕಾರಲ್ಲೇ ಮಕ್ಕಳಿಗೆ ಹೇಳಿದ್ದೆ. ಆದರೆ ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದರೆ ಏನು ಮಾಡೋದು? ಆ ವರ್ಷ ಮೆಕ್ಕೆಜೋಳಕ್ಕೆ ಸರ್ಕಾರ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ. ಅಪ್ಪ ಮನಸ್ಸಿನಲ್ಲೇ ಗುಣಿಸಿ, "ಒಬ್ಬೊಬ್ಬರ ಟಿಕೆಟಿಗೆ ಒಂದು ಕ್ವಿಂಟಲ್ ಹತ್ರ ಹತ್ರ ಹೋತು" ಅಂದರು. ಮೊಮ್ಮಕ್ಕಳನ್ನು ಎಣಿಸಿ, ಮುಂದೆ ಲೆಕ್ಕ ಮಾಡದೆ ಒಳಗೆ ನಡೆದರು.

ಮೊದಲು ಟ್ರ್ಯಾಕ್ಟರ್ ಸವಾರಿ. ಟ್ರೇಲರ್ ಮೇಲೆ ಹುಲ್ಲಿನ ಪೆಂಡಿ ಇಟ್ಟು ಜನರನ್ನು ಕೂರಿಸಿ ಹೊಲ ಸುತ್ತಿಸುತ್ತಾರೆ. ಅಮ್ಮನಿಗೆ ನಗು ತಡೆಯೋಕೆ ಆಗಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮನ್ನೆಲ್ಲ ಇದೇ ಥರ ಟ್ರೇಲರ್‌ನಲ್ಲಿ ತುಂಬಿಕೊಂಡು ಮದುವೆಗೆ ಹೋಗುತ್ತಿದ್ದರು. ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದಳು ಅಮ್ಮ. ಈಗ ಅದಕ್ಕೇ ಕ್ಯೂ!

ಟ್ರ್ಯಾಕ್ಟರ್ ಓಡಿಸುತ್ತಿದ್ದ ಹಿರಿಯರು ಹೊಲದ ಮನೆಯವರೇ. ಅಪ್ಪ ನನ್ನ ಬಾಯಲ್ಲಿ ಕೇಳಿಸಿದರು, ಮಳೆ ಹೇಗೆ ಅಂತ. ರೈತರು ರೈತರನ್ನು ಕೇಳೋ ಮೊದಲ ಪ್ರಶ್ನೆ ಅದೇ ಅಲ್ವಾ? ಅವರು ಆಕಾಶ ನೋಡಿ, ಈ ತಿಂಗಳು ಒಣಗಿದೆ, ದೇವರ ದಯೆ, ಹೀಗೇ ಇರಲಿ ಅಂದರು. ಅಕ್ಟೋಬರ್‌ನಲ್ಲಿ ಒಂದು ಶನಿವಾರ ಮಳೆ ಹೊಡೆದರೆ ವರ್ಷದ ಗಳಿಕೆಯಲ್ಲಿ ದೊಡ್ಡ ತೂತಂತೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದವರೆಗಿನ ಕೆಲವೇ ವಾರಾಂತ್ಯ ಅವರಿಗೆ ಸುಗ್ಗಿ. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ತಲೆಯಾಡಿಸಿ, "ನಮಗೆ ಜೂನ್‌ನಾಗೆ ಮಳೆ ಬರ್ಲಿಲ್ಲ ಅಂತ ಹೆದರಿಕೆ. ಇವರಿಗೆ ಶನಿವಾರ ಬಂದೀತು ಅಂತ ಹೆದರಿಕೆ" ಅಂದರು.

ಕಾರ್ನ್ ಮೇಜ್ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಆಳಿಗಿಂತ ಎತ್ತರ ಬೆಳೆದ ಜೋಳದ ಹೊಲದೊಳಗೆ ದಾರಿ ಕಡಿದಿರುತ್ತಾರೆ. ಕವಲು, ತಿರುವು, ಮುಚ್ಚಿದ ದಾರಿ ಎಲ್ಲ ಇರುತ್ತೆ. ಮೇಲಿಂದ ನೋಡಿದರೆ ಒಂದು ಚಿತ್ರ ಕಾಣಬೇಕು. ಇದೇನೋ ಪುರಾತನ ಹಳ್ಳಿ ಆಟ ಅಂತ ನಾನು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. 1993ರಲ್ಲಿ ಪೆನ್ಸಿಲ್ವೇನಿಯಾದ ಆನ್‌ವಿಲ್ ಊರಲ್ಲಿ ಡಾನ್ ಫ್ರಾಂಟ್ಜ್ ಮತ್ತು ಏಡ್ರಿಯನ್ ಫಿಶರ್ ಅನ್ನೋರು ಡೈನೊಸಾರ್ ಆಕಾರದಲ್ಲಿ ಮಾಡಿದ್ದೇ ಇವತ್ತಿನ ಕಾರ್ನ್ ಮೇಜ್‌ಗಳಿಗೆಲ್ಲ ಮೊದಲು. ನನಗಿಂತ ಚಿಕ್ಕದು! ಕ್ಯಾಲಿಫೋರ್ನಿಯಾದ ಡಿಕ್ಸನ್‌ನಲ್ಲಿ 2014ರಲ್ಲಿ 60 ಎಕರೆಯ ಮೇಜ್ ಮಾಡಿ ಗಿನ್ನೆಸ್ ದಾಖಲೆ ಮಾಡಿದರು. ಅಲ್ಲಿ ದಾರಿ ತಪ್ಪಿದ ಜನ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದ್ದೂ ಉಂಟು. ನಾವು ಹೋಗಿದ್ದು ಹತ್ತು ಎಕರೆ ಅಷ್ಟೆ.

ಮಕ್ಕಳು ಮ್ಯಾಪ್ ಹಿಡಿದು ಓಡಿದರು. ಅಪ್ಪ ಎರಡು ಹೆಜ್ಜೆ ಒಳಗೆ ಹೋಗಿ ನಿಂತುಬಿಟ್ಟರು. ಬಗ್ಗಿ ಬುಡ ನೋಡಿದರು. ಪಕ್ಕದ ಸಾಲಿನ ಬುಡ ನೋಡಿದರು. ಗೇಣು ಹಾಕಿ ಅಳೆದರು.

"ಉದ್ದನೂ ಬಿತ್ಯಾರೆ, ಅಡ್ಡನೂ ಬಿತ್ಯಾರೆ. ಇಷ್ಟು ಒತ್ತಾಗಿ ಹಾಕಿದ್ರೆ ತೆನೆ ಎಲ್ಲಿ ತುಂಬತೈತಿ? ಇದು ತೆನೆಗಂತ ಬಿತ್ತಿದ್ದಲ್ಲವ್ವ, ಗೋಡೆಗಂತ ಬಿತ್ಯಾರೆ."

ಆಮೇಲೆ ಓದಿ ನೋಡಿದೆ, ಅವರು ಹೇಳಿದ್ದು ಸರಿ. ಮೇಜ್ ಮಾಡುವ ಹೊಲದಲ್ಲಿ ಒಂದು ದಿಕ್ಕಿಗೆ ಬಿತ್ತಿ, ಮತ್ತೆ ಅದರ ಮೇಲೇ ಅಡ್ಡಲಾಗಿ ಬಿತ್ತುತ್ತಾರೆ. ಆಚೆ ದಾರಿಯವರು ಈಚೆಗೆ ಕಾಣಬಾರದು. ಗಿಡ ಮೊಣಕಾಲುದ್ದ ಇರುವಾಗಲೇ ದಾರಿ ಕಡಿದುಬಿಡುತ್ತಾರೆ.

ಬಿದ್ದಿದ್ದ ಒಂದು ತೆನೆ ಎತ್ತಿ ಸಿಪ್ಪೆ ಸುಲಿದರು. ಕಾಳಿನ ತಲೆಯಲ್ಲಿ ಗುಳಿ. ದನಕ್ಕೆ, ಎಥನಾಲ್‌ಗೆ ಹೋಗುವ ಜೋಳ, ಬೇಯಿಸಿ ತಿನ್ನೋದಲ್ಲ. ನಮ್ಮೂರಲ್ಲಿ ಕೋಳಿ ಫೀಡಿಗೆ ಹೋಗುತ್ತಲ್ಲ, ಅದರ ಥರದ್ದೇ. ಆಮೇಲೆ ಸುಳಿಯಲ್ಲಿ ಹುಳ ಹುಡುಕಿದರು. ಅಭ್ಯಾಸ. 2018ರಲ್ಲಿ ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅಲ್ಲಿಂದ ನಮ್ಮ ಕಡೆಗೆ ಬರೋಕೆ ಜಾಸ್ತಿ ದಿನ ಆಗಲಿಲ್ಲ. ಸುಳಿಯೊಳಗೆ ಕೂತು ತಿಂದು, ಮರದ ಹೊಟ್ಟಿನಂಥ ಹಿಕ್ಕೆ ಬಿಡುತ್ತೆ. ಆ ವರ್ಷದಿಂದ ಔಷಧಿ ಖರ್ಚು ತಪ್ಪಿಲ್ಲ. ಅದರ ತವರು ಇದೇ ಅಮೆರಿಕ ಖಂಡ. ಆದರೆ ಇಲಿನಾಯ್ ಚಳಿಗೆ ಅದು ಬದುಕಲ್ಲ, ಪ್ರತಿ ವರ್ಷ ದಕ್ಷಿಣದಿಂದ ಪತಂಗವಾಗಿ ಹಾರಿ ಬರಬೇಕು. ಇದನ್ನು ಹೇಳಿದಾಗ ಅಪ್ಪ, "ಬೀಗರು ಬೀಜದ ಜತಿಗೆ ಹುಳಾನೂ ಕಳಿಸ್ಯಾರೆ" ಅಂದರು. ಬೀಜದ ಜತೆಗೆ ಬಂದಿದ್ದಲ್ಲ ಅದು ಅಂತ ವಾದ ಮಾಡೋಕೆ ಹೋಗಲಿಲ್ಲ.

ಮೇಜ್‌ನಿಂದ ನಮ್ಮನ್ನು ಹೊರಗೆ ತಂದಿದ್ದೂ ಅಪ್ಪನೇ. ಮಕ್ಕಳ ಮ್ಯಾಪ್ ತಲೆಕೆಳಗಾಗಿತ್ತು, ನಮ್ಮವರ ಫೋನು ನೀಲಿ ಚುಕ್ಕಿ ತೋರಿಸುತ್ತಿತ್ತೇ ಹೊರತು ದಾರಿ ತೋರಿಸುತ್ತಿರಲಿಲ್ಲ. ಅಪ್ಪ ಬಿಸಿಲು ನೋಡಿ, ಒಳಗೆ ಬರುವಾಗ ನೆರಳು ಯಾವ ಕಡೆ ಇತ್ತು ಅಂತ ಯೋಚಿಸಿ, ಮೂಡಲಕ್ಕೆ ಹೊರಳುವ ದಾರಿಯನ್ನೇ ಹಿಡಿದರು. ಹೊರಗೆ ಬಂದ ಮೇಲೆ ಮೊಮ್ಮಗ ಅವರನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ.

ಅಮ್ಮನಿಗೆ ಬೇಜಾರಾಗಿದ್ದು ಒಂದೇ ಕಡೆ. ಮರದ ದೊಡ್ಡ ಕಟಕಟೆಯಲ್ಲಿ ಮೊಣಕಾಲುದ್ದ ಜೋಳದ ಕಾಳು ತುಂಬಿ, ಮಕ್ಕಳನ್ನು ಅದರಲ್ಲಿ ಆಡೋಕೆ ಬಿಡುತ್ತಾರೆ. ಮರಳಿನ ಬದಲು ಕಾಳು. ಮಕ್ಕಳು ಶೂ ಹಾಕಿಕೊಂಡೇ ಧುಮುಕುತ್ತಿದ್ದರು. ನಮ್ಮಲ್ಲಿ ಕಣದಲ್ಲಿ ರಾಶಿ ಹಾಕಿದರೆ ಚಪ್ಪಲಿ ಹಾಕಿಕೊಂಡು ಯಾರೂ ಹತ್ತಿರ ಹೋಗಲ್ಲ, ಪೂಜೆ ಆಗೋವರೆಗೂ ಅಳೆಯಲ್ಲ. ನಮ್ಮ ಚಿಕ್ಕದು ಹಾರೋಕೆ ಹೊರಟಿದ್ದನ್ನು ಅಮ್ಮ ರಟ್ಟೆ ಹಿಡಿದು ನಿಲ್ಲಿಸಿ, ಶೂ ಬಿಚ್ಚಿಸಿದಳು. "ಮೊದ್ಲು ಕೈಯಾಗೆ ಮುಟ್ಟಿ ಕಣ್ಣಿಗೊತ್ಕೋ, ಆಮೇಲೆ ಕಾಲಿಡು." ಅದು ಹಾಗೇ ಮಾಡಿತು. ಆಮೇಲೆ ಅಮ್ಮ ಅಂಚಿನಲ್ಲಿ ಕೂತು, ಹೊರಗೆ ಚೆಲ್ಲಿದ ಕಾಳನ್ನೆಲ್ಲ ಆರಿಸಿ ಒಳಗೆ ಹಾಕುತ್ತಿದ್ದಳು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬಂದು ಪರವಾಗಿಲ್ಲ ಅಂತ ಸನ್ನೆ ಮಾಡಿದಳು. ಅಮ್ಮನೂ ಪರವಾಗಿಲ್ಲ ಅಂತ ಸನ್ನೆ ಮಾಡಿ ಆರಿಸೋದು ಮುಂದುವರಿಸಿದಳು.

ಹೊರಗಿನ ಊಟ ಒಳಗೆ ತರುವ ಹಾಗಿರಲಿಲ್ಲ. ಕೈಗೆ ಮುದ್ರೆ ಒತ್ತಿಸಿಕೊಂಡು ಕಾರಿನ ಹತ್ತಿರ ಹೋಗಿ ಊಟ ಮಾಡಿದೆವು. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಒಯ್ಯಬೇಕಾದ ಅಡುಗೆಯನ್ನೇ ಅಮ್ಮ ತಂದಿದ್ದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರುಬುತ್ತಿ. ಗುರುವಾರ ನಮಗೆಲ್ಲ ಆಫೀಸಿತ್ತು, ಹಾಗಾಗಿ ಹಬ್ಬ ಎರಡು ದಿನ ತಡ. ಊಟಕ್ಕೆ ಮುಂಚೆ ಒಂದು ತುತ್ತು ಬುತ್ತಿ ತಗೊಂಡು ಬೇಲಿ ಪಕ್ಕದ ಜೋಳದ ಬುಡಕ್ಕೆ ಚರಗ ಚೆಲ್ಲಿ ಬಂದಳು. "ಇವರ ಹೊಲಕ್ಕೆ ಯಾರು ಚೆಲ್ತಾರೆ ಪಾಪ" ಅಂದಳು. ಪಕ್ಕದ ಕಾರಿನವರು ನಮ್ಮ ಎಣ್ಣೆಗಾಯಿ ವಾಸನೆಗೆ ಎರಡು ಸಲ ತಿರುಗಿ ನೋಡಿದರು.

ಕುಂಬಳಕಾಯಿ ಹೊಲದಲ್ಲಿ ಮಕ್ಕಳಿಗೆ ಬೇಕಾಗಿದ್ದು ಹ್ಯಾಲೋವೀನ್‌ಗೆ ಮುಖ ಕೆತ್ತುವ ಕಾಯಿ. ದುಂಡಗೆ, ಕೇಸರಿ ಬಣ್ಣ, ಗಟ್ಟಿ ತೊಟ್ಟು. ಅಮ್ಮ ಬೆರಳ ಗೆಣ್ಣಿನಿಂದ ಬಡಿದು ನೋಡಿ, "ಬರೀ ನೀರು" ಅಂತ ತಳ್ಳಿದಳು. ಅವಳ ಕಣ್ಣು ಮೂಲೆಯ ರಾಶಿಯ ಮೇಲೆ. ಚಪ್ಪಟೆ, ಮಾಸಲು ಬಣ್ಣ, ಅಂಚಿಗೆಲ್ಲ ಗೆರೆ. ಚೀಸ್ ಪಂಪ್‌ಕಿನ್ ಅಂತ ಹೆಸರು. ನಮ್ಮ ಸಿಹಿಗುಂಬಳವೂ ಅದೂ ಒಂದೇ ಜಾತಿ. ಇಲಿನಾಯ್ ದೇಶದಲ್ಲೇ ಅತಿ ಹೆಚ್ಚು ಕುಂಬಳ ಬೆಳೆಯುವ ರಾಜ್ಯ. ಮಾರ್ಟನ್ ಅನ್ನೋ ಊರಿನ ಕಾರ್ಖಾನೆಯಲ್ಲಿ ಪೈ ಅನ್ನೋ ಸಿಹಿತಿಂಡಿ ಮಾಡೋಕೆ ಡಬ್ಬಿಗೆ ತುಂಬುತ್ತಾರಲ್ಲ, ಆ ಕಾಯಿಯೂ ಈ ಜಾತಿಯದೇ. ಬಾಗಿಲಲ್ಲಿ ಹಲ್ಲು ಕಿರಿದು ಕೂರುವ ಕೇಸರಿ ಕಾಯಿ ಬೇರೆ. ಅಮ್ಮ ಇದ್ಯಾವುದೂ ಓದಿಲ್ಲ, ಬಡಿದು ನೋಡಿ ಕಂಡುಹಿಡಿದಳು. ಮಾರನೇ ದಿನ ಬೆಲ್ಲ ಹಾಕಿ ಗಾರಿಗೆ ಮಾಡಿದಳು. ಡೋನಟ್‌ಗೆ ಮೊಟ್ಟೆ ಹಾಕಿರುತ್ತಾರೆ ಅಂತ ಅವಳು ಮುಟ್ಟಿರಲಿಲ್ಲ. ಮಕ್ಕಳು ಮುಟ್ಟಿದ್ದು ಎಷ್ಟು ಅಂತ ನಾನು ಇಲ್ಲಿ ಬರೆಯಲ್ಲ. ಆಪಲ್ ಸೈಡರ್ ಅಂದಾಗ ಅಪ್ಪ ಒಮ್ಮೆ ನಮ್ಮವರ ಮುಖ ನೋಡಿದರು. ಹೆಂಡ ಅಲ್ಲ, ಸೇಬಿನ ರಸ ಅಷ್ಟೆ ಅಂದ ಮೇಲೆ ಎರಡು ಲೋಟ ಕುಡಿದರು.

ವಾಪಸ್ ಬರುವಾಗ ಅಪ್ಪನ ಲೆಕ್ಕ ಶುರುವಾಯಿತು. ಇಲ್ಲಿ ಜೋಳ ಅಳೆಯೋದು ಬುಶೆಲ್‌ನಲ್ಲಿ. ಒಂದು ಬುಶೆಲ್ ಅಂದರೆ 56 ಪೌಂಡ್, 25 ಕೆಜಿ ಚಿಲ್ಲರೆ. ಆಗ ಬುಶೆಲ್‌ಗೆ ನಾಲ್ಕು ಡಾಲರ್ ಆಸುಪಾಸು. ಕ್ವಿಂಟಲ್ ಲೆಕ್ಕದಲ್ಲಿ 1,400 ರೂಪಾಯಿಯೂ ಆಗಲ್ಲ. ನಮ್ಮ ಬೆಂಬಲ ಬೆಲೆಗಿಂತ ಕಮ್ಮಿ! ಅಪ್ಪ ನಂಬಲಿಲ್ಲ. ನಮ್ಮವರು ಫೋನಲ್ಲಿ ತೋರಿಸಬೇಕಾಯಿತು. ಎಕರೆಗೆ 200 ಬುಶೆಲ್ ತೆಗೆಯುತ್ತಾರೆ, ಅಂದರೆ 50 ಕ್ವಿಂಟಲ್. ನಮ್ಮ ಮಳೆಯಾಶ್ರಿತ ಹೊಲದಲ್ಲಿ ಅದರ ಅರ್ಧ ಬಂದರೆ ಒಳ್ಳೇ ವರ್ಷ. ಹತ್ತು ಎಕರೆಗೆ 2,000 ಬುಶೆಲ್, 8,000 ಡಾಲರ್. ಅದನ್ನು 22ರಿಂದ ಭಾಗಿಸಿ ಅಂದರು. 363 ಜನ ಚಿಲ್ಲರೆ.

"ಮಧ್ಯಾಹ್ನದೊಳಗೇ ಬಂದ್ರಲ್ಲವ್ವ ಅಷ್ಟು ಜನ! ಜೋಳ ಇನ್ನೂ ಹೊಲದಾಗೇ ಐತೆ. ಹಬ್ಬ ಮುಗಿದ ಮ್ಯಾಲೆ ಅದನ್ನೂ ಕೊಯ್ಕೋತಾರೆ."

ಆ ರಾತ್ರಿಯೇ ಅಣ್ಣನಿಗೆ ಫೋನ್. ಆಳು, ಯಂತ್ರದ ಬಾಡಿಗೆ, ಮಂಡಿ ರೇಟು ಎಲ್ಲ ಆದ ಮೇಲೆ ಅಪ್ಪ ವಿಷಯ ತೆಗೆದರು. ದಾವಣಗೆರೆಯಿಂದ ಎಷ್ಟು ದೂರ ನಮ್ಮೂರು, ಭಾನುವಾರ ಜನ ಬರಲ್ವಾ, ಎರಡೆಕರೆ ಒತ್ತಾಗಿ ಬಿತ್ತಿದರೆ ಹೇಗೆ ಅಂತ. ಅಣ್ಣ ಆ ಕಡೆಯಿಂದ ಗಟ್ಟಿಯಾಗಿ ನಕ್ಕಿದ್ದು ನನಗೂ ಕೇಳಿಸಿತು.

"ಅಪ್ಪಾಜಿ, ನಮ್ಮೂರಾಗೆ ಟಿಕೆಟ್ ತಗಳೋರು ಒಬ್ಬರೂ ಇರಲ್ಲ. ತೆನೆ ಮುರ್ಕಂಡು ಹೋಗೋರು ಊರು ತುಂಬ ಅದಾರೆ."

ಅಪ್ಪ ಬಿಡಲಿಲ್ಲ. "ಅದು ಆಮೇಲೆ ನೋಡಾನ. ಮೊದ್ಲು ರೋಡಿನ ಪಕ್ಕದ ಹೊಲದಾಗೆ ಎಷ್ಟು ಕಾರು ನಿಲ್ತಾವೆ, ಹೆಜ್ಜೆ ಹಾಕಿ ಅಳೆದು ಹೇಳು."