ಹ್ಯಾಮ್‌ಸ್ಟರ್ ಪಂಜರ: ಮೊದಲು ನೆಲ, ಆಮೇಲೆ ಆಟಿಕೆ

ಇಲಿಯಂಥ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್‌ಗೆ ಪಂಜರ ಕೊಳ್ಳುವಾಗ ಎತ್ತರ ನೋಡಿ ಮರುಳಾಗಬೇಡಿ. ಹ್ಯಾಮ್‌ಸ್ಟರ್‌ಗೆ ಬೇಕಿರುವುದು ಮಹಡಿಯಲ್ಲ, ನೆಲ. ಕನಿಷ್ಠ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಇರಲಿ. ಅದರ ಕಣ್ಣು ಮಂದ. ಎತ್ತರದ ಅಂದಾಜು ಸಿಗದೆ ಮೇಲಿನಿಂದ ಸೀದಾ ಕಾಲಿಟ್ಟು ಬೀಳುತ್ತದೆ.

ನಿಜವಾದ ಕೆಲಸ ಇರುವುದು ಪಂಜರದ ನೆಲಕ್ಕೆ ತುಂಬುವ ಹಾಸಿನಲ್ಲಿ. ಬಣ್ಣ, ಸುವಾಸನೆ ಇಲ್ಲದ ಕಾಗದದ ಹಾಸನ್ನು ಒಂದು ಬದಿಗಾದರೂ 25 ಸೆಂ.ಮೀ. ಆಳಕ್ಕೆ ತುಂಬಿ ಅಂಗೈಯಿಂದ ಒತ್ತಿ. ಸಡಿಲವಾಗಿ ಸುರಿದರೆ ಹ್ಯಾಮ್‌ಸ್ಟರ್ ಅದರಲ್ಲಿ ಕೊರೆದ ಸುರಂಗ ಅಲ್ಲೇ ಕುಸಿಯುತ್ತದೆ. ನಡುನಡುವೆ ಒಣಹುಲ್ಲಿನ ಪದರ ಕೊಟ್ಟರೆ ಗೋಡೆ ನಿಲ್ಲುತ್ತದೆ. ಸೀಡರ್ ಮರದ ಹೊಟ್ಟು ಬೇಡವೇ ಬೇಡ, ಅದರ ಘಾಟು ಉಸಿರಾಟಕ್ಕೆ ಕೆಟ್ಟದ್ದು. ಗೂಡಿಗೆಂದು ಮಾರುವ ಹತ್ತಿಯಂಥ ನಾರೂ ಅಷ್ಟೇ: ಕಾಲಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಬಲ್ಲದು. ಟಿಶ್ಯೂ ಪೇಪರ್ ಹರಿದು ಹಾಕಿ ಸಾಕು, ಗೂಡನ್ನು ಅದೇ ಕಟ್ಟಿಕೊಳ್ಳುತ್ತದೆ.

ಅದು ಓಡಲು ಇಡುವ ಚಕ್ರದ ವ್ಯಾಸ ದೊಡ್ಡದಾದ ಸಿರಿಯನ್ ತಳಿಗೆ 28 ಸೆಂ.ಮೀ., ಕುಬ್ಜ ತಳಿಗೆ 20. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಚಕ್ರ ಚಿಕ್ಕದಾಯಿತು ಎಂದೇ ಅರ್ಥ. ಒಳಮೈ ಕಂಬಿಯದ್ದಾಗಿರಬಾರದು, ಕಾಲು ಸಿಕ್ಕಿಕೊಳ್ಳುತ್ತದೆ. ಹಾಸಿನ ಮೇಲೆ ನೇರ ಇಟ್ಟರೆ ಹ್ಯಾಮ್‌ಸ್ಟರ್ ಅಡಿಯಲ್ಲಿ ತೋಡಿ ಚಕ್ರ ವಾಲುತ್ತದೆ. ಪಂಜರದ ತಳ ಮುಟ್ಟುವ ಕಾಲುಗಳಿರುವ ಮಣೆಯ ಮೇಲೆ ಕೂರಿಸಿ.

ಮೂಲೆಯಲ್ಲೊಂದು ಮರಳಿನ ಬಟ್ಟಲು. ಮರಳು, ದೂಳಲ್ಲ. ಅನೇಕ ಹ್ಯಾಮ್‌ಸ್ಟರ್‌ಗಳು ಅಲ್ಲೇ ಮೂತ್ರ ಮಾಡುವುದರಿಂದ ನಿಮ್ಮ ಕೆಲಸವೂ ಹಗುರ. ಹಾಸಿನಲ್ಲಿ ಒದ್ದೆಯಾದಷ್ಟನ್ನೇ ತೆಗೆಯಿರಿ. ಇಡೀ ಹಾಸನ್ನು ಒಮ್ಮೆಗೇ ಬದಲಿಸಿದರೆ ಅದು ಬಿಟ್ಟ ವಾಸನೆಯ ಗುರುತೆಲ್ಲ ಅಳಿಸಿಹೋಗಿ, ಪಾಪ, ಹೊಸ ಮನೆಗೆ ಬಂದಂತೆ ಕಂಗಾಲಾಗುತ್ತದೆ.