ಮರಿತ್ಸಾ ದಂಡೆಯ ಸಂತೆಯೂರು

ಬಲ್ಗೇರಿಯದ ಪಜಾರ್ಜಿಕ್ ಎಂಬ ಊರು ಬೆಳಗಿನಿಂದ ನನ್ನ ತಲೆಯಲ್ಲಿ ಕುಳಿತಿದೆ. 15ನೇ ಶತಮಾನದ ಕೊನೆಯಲ್ಲಿ ಮರಿತ್ಸಾ ನದಿಯ ದಂಡೆಯಲ್ಲಿ ತಾತಾರರು ನೆಲೆಸಿ ಬೆಳೆಸಿದ ಸಂತೆಯೂರು ಅದು. ಆಗ ತಾತಾರ್ ಪಜಾರ್ಜಿಕ್ ಎನ್ನುತ್ತಿದ್ದರು. ಒಟ್ಟೋಮನ್ ಕಾಲದಲ್ಲಿ ಅಲ್ಲಿ ಅಕ್ಕಿಯ ವ್ಯಾಪಾರ ಜೋರಾಗಿತ್ತು. ಅಲ್ಲಿಯೂ ಭತ್ತದ ಗದ್ದೆಗಳೇ ಎಂದು ಹುಬ್ಬೇರಿಸಿದೆ, ಈಗಲೂ ಬೆಳೆಯುತ್ತಾರೆ! 1873ರಲ್ಲಿ ಇಸ್ತಾಂಬುಲ್ ಕಡೆಯಿಂದ ರೈಲು ಬಂದಿತು. 1878ರ ಜನವರಿಯಲ್ಲಿ ರಷ್ಯನ್ನರೆದುರು ಹಿಮ್ಮೆಟ್ಟುತ್ತಿದ್ದ ಒಟ್ಟೋಮನ್ ಸೈನ್ಯಕ್ಕೆ ಊರನ್ನು ಸುಡುವ ಆದೇಶವಿತ್ತು. ಓವಾನೆಸ್ ಸೊವಾಜಿಯನ್ ಎಂಬ ಅರ್ಮೇನಿಯನ್ ಆ ಆದೇಶವನ್ನೇ ತಿದ್ದಿ ಊರನ್ನು ಉಳಿಸಿದ ಎಂಬುದು ಅಲ್ಲಿಯವರ ನಂಬಿಕೆ. ಸೇನಾಪತಿಗಳಿಗಿಂತ ನನಗೆ ಇಂಥವರೇ ಇಷ್ಟ. 1934ರಲ್ಲಿ ಹೆಸರಿನಿಂದ ‘ತಾತಾರ್’ ಅನ್ನು ಕೈಬಿಟ್ಟರು. ಸಂತೆ ಕಟ್ಟಿದವರನ್ನೇ ಫಲಕದಿಂದ ಅಳಿಸಿದ್ದು ನನಗೇಕೋ ಸರಿಕಾಣಲಿಲ್ಲ.