ಯಾಜಕ ಮೈಲಿಗೆಗೆ ಹೆದರಿದನೇ?

ಯೇಸು ಒಬ್ಬ ಧರ್ಮೋಪದೇಶಕನಿಗೆ ಹೇಳಿದ ಕಥೆಯೊಂದಿದೆ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಟ್ಟು ಹೋಗುತ್ತಾರೆ. ಯೆರೂಸಲೇಮಿನ ದೇವಾಲಯದಲ್ಲಿ ಪೂಜೆ ನಡೆಸುವ ಯಾಜಕನೂ ಅಲ್ಲಿನ ಸೇವೆಗೆ ನೆರವಾಗುವ ಕುಲದ ಲೇವಿಯನೂ ಕಂಡೂ ಮುಂದೆ ಹೋಗುತ್ತಾರೆ. ಯೆಹೂದ್ಯರಿಗಾಗದ ನೆರೆಯ ಸಮಾರ್ಯ ಸೀಮೆಯವನೊಬ್ಬ ನಿಂತು ಉಪಚರಿಸುತ್ತಾನೆ. ಬೈಬಲ್ ಬಗ್ಗೆ ಬರೆಯುತ್ತೇನೆಂದು ತಿಳಿದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಬಿಟ್ಟು ಹೋದದ್ದು ಹೆಣ ಮುಟ್ಟಿ ಮೈಲಿಗೆಯಾದೀತೆಂಬ ಭಯಕ್ಕಲ್ಲವೇ?

ಅಲ್ಲ. ಚರ್ಚಿನ ಪ್ರಸಂಗಗಳಲ್ಲಿ ಹಾಗೆ ಹೇಳುತ್ತಾರೆ, ನಿಜ. ಮಡಿ-ಮೈಲಿಗೆ ಕಂಡು ಬೆಳೆದ ನಮಗೆ ಅದು ಥಟ್ಟನೆ ಹಿಡಿಸಿಯೂ ಬಿಡುತ್ತದೆ. ಆದರೆ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮೈಲಿಗೆಯ ಮಾತೇ ಇಲ್ಲ. ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎಂದಿದೆ, ಅಷ್ಟೆ. ಯೆರೂಸಲೇಮ್ ಬೆಟ್ಟದ ಮೇಲಿನ ಊರು, ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗೆ. ಇಳಿಯುತ್ತಿದ್ದವನು ದೇವಾಲಯಕ್ಕೆ ಬೆನ್ನು ಹಾಕಿ ಹೊರಟವನು. ಪೂಜೆ ತಪ್ಪೀತೆಂಬ ನೆಪವೂ ಅವನಿಗಿಲ್ಲ. ಹೆಣ ಮುಟ್ಟಬಾರದೆಂಬ ಬೈಬಲಿನ ಯಾಜಕಕಾಂಡ 21ನೇ ಅಧ್ಯಾಯದ ಕಟ್ಟಳೆ ಆರೋನನ ವಂಶದ ಯಾಜಕರಿಗೆ, ಲೇವಿಯನಿಗಲ್ಲ. ಮೇಲಾಗಿ ಬಿದ್ದವನು ಸತ್ತಿರಲೇ ಇಲ್ಲ, ಅರೆಜೀವವಾಗಿದ್ದ.

ಸತ್ತೇ ಹೋಗಿದ್ದರೆ? ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದ್ಯ ಧರ್ಮನಿಯಮಗಳ ಗ್ರಂಥ ಮಿಷ್ನಾದಲ್ಲಿ ಇದರ ಮೇಲೆ ಸೊಗಸಾದ ವಾದವೊಂದಿದೆ. ಮಹಾಯಾಜಕನೂ ನಾಜೀರ ವ್ರತ (ದೇವರಿಗೆ ಮೀಸಲಾಗುವ ಹರಕೆ) ಹಿಡಿದವನೂ ಜೊತೆಯಾಗಿ ಹೋಗುವಾಗ ಅನಾಥ ಹೆಣವೊಂದು ಕಣ್ಣಿಗೆ ಬೀಳುತ್ತದೆ. ಹೆತ್ತವರು ಸತ್ತರೂ ಹೆಣ ಮುಟ್ಟುವಂತಿಲ್ಲದವರು ಇವರಿಬ್ಬರೂ. ಈಗ ಮಣ್ಣು ಮಾಡಿ ಮೈಲಿಗೆಯಾಗಬೇಕಾದವನು ಯಾರು? ಮಹಾಯಾಜಕ ಎನ್ನುತ್ತಾರೆ ರಬ್ಬಿ ಎಲಿಯೇಜರ್. ನಾಜೀರ ಎನ್ನುತ್ತಾರೆ ಉಳಿದ ಪಂಡಿತರು. ಇಬ್ಬರೂ ಮಡಿ ಉಳಿಸಿಕೊಂಡು ಮುಂದೆ ನಡೆಯಲಿ ಎಂದವರು ಒಬ್ಬರೂ ಇಲ್ಲ.

ಹಾಗಾಗಿ ಯೆಹೂದ್ಯರ ಧರ್ಮ ಕಲ್ಲುಮನಸ್ಸಿನದು, ಯೇಸು ಒಬ್ಬನೇ ಕರುಣಾಳು ಎಂದು ಈ ಕಥೆಯಿಂದ ಪಾಠ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಯೇಸುವೂ ಯೆಹೂದ್ಯನೇ, ಕೇಳುತ್ತಿದ್ದ ಧರ್ಮೋಪದೇಶಕನೂ ಯೆಹೂದ್ಯನೇ. ಅಷ್ಟೇಕೆ, ಸಮಾರ್ಯದವರೂ ಮೋಶೆಯ ಐದು ಗ್ರಂಥಗಳನ್ನೇ ನಂಬಿದವರು.

ಕಥೆಯ ಪೆಟ್ಟು ಇರುವುದು ಬೇರೆಡೆ. ಯಾಜಕ, ಲೇವಿಯ ಎಂದ ಮೇಲೆ ಮೂರನೆಯವನು ಸಾಮಾನ್ಯ ಇಸ್ರಾಯೇಲನೇ ಆಗಬೇಕು. ಯೆಹೂದ್ಯ ಸಮಾಜದ ಲೆಕ್ಕವೇ ಹಾಗಿತ್ತು. ಬಂದವನು ಸಮಾರ್ಯದವನು! ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಕ್ರಿ.ಪೂ. 2ನೇ ಶತಮಾನದ ಕೊನೆಗೆ ಕೆಡವಿಸಿದವನು ಯೆಹೂದ್ಯರ ದೊರೆ ಯೋಹಾನ ಹಿರ್ಕಾನಸ್. ಹಗೆ ಇನ್ನೂ ಆರಿರಲಿಲ್ಲ. ಒಂದು ಅಧ್ಯಾಯ ಹಿಂದಷ್ಟೇ, ತಮಗೆ ಇಳಿದುಕೊಳ್ಳಲು ಜಾಗ ಕೊಡದ ಸಮಾರ್ಯದ ಹಳ್ಳಿಯೊಂದರ ಮೇಲೆ ಬೆಂಕಿ ಸುರಿಸೋಣವೇ ಎಂದು ಶಿಷ್ಯರೇ ಕೇಳಿದ್ದರು.

ಶಾಸ್ತ್ರ ಬಲ್ಲ ಆ ಉಪದೇಶಕನಿಗೆ ಇನ್ನೊಂದು ಕಥೆಯೂ ನೆನಪಾಗಿರಬಹುದು. ಬೈಬಲಿನ 2 ಪೂರ್ವಕಾಲವೃತ್ತಾಂತ 28ನೇ ಅಧ್ಯಾಯದಲ್ಲಿ, ಸೆರೆಹಿಡಿದು ಸಮಾರ್ಯಕ್ಕೆ ತಂದಿದ್ದ ಯೆಹೂದದ ಜನರಿಗೆ ಅಲ್ಲಿಯವರೇ ಬಟ್ಟೆ ಉಡಿಸಿ, ಊಟ ಕೊಟ್ಟು, ಎಣ್ಣೆ ಹಚ್ಚಿ, ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂರಿಸಿ ಕರೆತಂದು ಬಿಡುತ್ತಾರೆ. ಬಿಟ್ಟ ಊರು ಯೆರಿಕೋ.